ಆಕ್ಚುವರಿ ಕೆಲಸಕ್ಕೆ ಎಷ್ಟು ಸಂಬಳ ಕೇಳೋದು? ‘ಮಾರ್ಕೆಟ್ ರೇಟ್’ ಅಂತ ಒಂದು ನಿಜವಾಗಿ ಇದೆಯಾ?

ಸಂಜೆಓದು

ನಮಸ್ಕಾರ. ಜೀವವಿಮೆ ಕಂಪನಿಯೊಂದರಲ್ಲಿ, ಮುಂದೆ ಕೊಡಬೇಕಾದ ಹಣವನ್ನು ಲೆಕ್ಕ ಹಾಕುವ ವ್ಯಾಲ್ಯುಯೇಷನ್ ತಂಡದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಆಕ್ಚುವರಿ (ವಿಮೆ, ಪೆನ್ಷನ್‌ನ ಅಪಾಯಕ್ಕೆ ಲೆಕ್ಕ ಹಾಕುವವರು) ಆಗುವ ಪರೀಕ್ಷೆಗಳಲ್ಲಿ ನಾಲ್ಕು ಪೇಪರ್ ಪಾಸಾಗಿದೆ. ಐದನೆಯದು ಬರೆದಾಗಿದೆ, ಫಲಿತಾಂಶ ಬಂದಿಲ್ಲ. ಈಗ ಬೇರೆ ಕಡೆ ಅರ್ಜಿ ಹಾಕಲು ಹೊರಟಿದ್ದೇನೆ.

ಎಲ್ಲಾ ಅರ್ಜಿಯಲ್ಲೂ ‘ನಿರೀಕ್ಷಿತ ಸಂಬಳ’ ಅಂತ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿಗೆ ಬಂದರೆ ಕೈ ನಿಂತುಬಿಡುತ್ತದೆ. ಜಾಸ್ತಿ ಬರೆದರೆ ಕರೆಯುವುದೇ ಇಲ್ಲ ಅನ್ನುತ್ತಾರೆ. ಕಡಿಮೆ ಬರೆದರೆ ಅಷ್ಟಕ್ಕೇ ಕೂರಿಸುತ್ತಾರೆ. ನೆಟ್‌ನಲ್ಲಿ ಹುಡುಕಿದರೆ ಒಂದು ಕಡೆ ಇರುವ ಅಂಕಿಗೂ ಇನ್ನೊಂದು ಕಡೆ ಇರುವುದಕ್ಕೂ ಸಂಬಂಧವೇ ಇಲ್ಲ. ಜೊತೆಗೆ ಓದಿದವರನ್ನು ಕೇಳಿದರೆ ‘ಪರವಾಗಿಲ್ಲ, ಮಾರ್ಕೆಟ್ ರೇಟ್ ಕೊಡ್ತಾರೆ’ ಅಂತ ಹೇಳಿ ಮಾತು ಬದಲಿಸುತ್ತಾರೆ.

ಹಾಗಾದರೆ ಈ ಮಾರ್ಕೆಟ್ ರೇಟ್ ಎಲ್ಲಿ ಸಿಗುತ್ತದೆ? ನೀವೆಲ್ಲ ಹೇಗೆ ಲೆಕ್ಕ ಹಾಕುತ್ತೀರಿ?

ದಶಾಂಶ3

ಇಷ್ಟು ತಲೆ ಕೆಡಿಸಿಕೊಳ್ಳುವ ವಿಷಯ ಅಲ್ಲ. ಈಗಿನ ಸಂಬಳಕ್ಕೆ 30% ಸೇರಿಸಿ ಬರೆದುಬಿಡಿ. ಎಲ್ಲರೂ ಮಾಡುವುದು ಅದನ್ನೇ.

ರಿಸರ್ವ್‌ಕಾಕ

ಎಲ್ಲರೂ ಅದನ್ನೇ ಮಾಡುತ್ತಾರೆ, ಸರಿ. ಅದರಿಂದಲೇ ಒಂದೇ ಕೆಲಸ ಮಾಡುವ ಇಬ್ಬರ ಸಂಬಳದಲ್ಲಿ ಅಷ್ಟೊಂದು ವ್ಯತ್ಯಾಸ ಬರುವುದು. ನಿಮ್ಮ ಈಗಿನ ಸಂಬಳ ಅನ್ನುವುದು ನೀವು ಯಾವ ವರ್ಷ, ಯಾವ ಕಂಪನಿಗೆ, ಎಷ್ಟು ಅವಸರದಲ್ಲಿ ಸೇರಿದಿರಿ ಅನ್ನುವುದರ ಫಲ. ಮುಂದಿನ ಕೆಲಸದ ಬೆಲೆಗೂ ಅದಕ್ಕೂ ಏನು ಸಂಬಂಧ? ತಪ್ಪು ಅಸಂಪ್ಷನ್ ಮೇಲೆ ಶೇಕಡಾ ಹಾಕುತ್ತಾ ಹೋದರೆ ತಪ್ಪು ದೊಡ್ಡದಾಗುತ್ತದೆ ಅಷ್ಟೇ.

ನಾನು ತಂಡಕ್ಕೆ ಜನರನ್ನು ತೆಗೆದುಕೊಳ್ಳುವವನು. ಮೇಜಿನ ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ನಮಗೆ ‘ಆಕ್ಚುವರಿ ಸಂಬಳ’ ಅನ್ನುವ ಒಂದು ಅಂಕಿ ಇಲ್ಲ. ಒಂದು ಚೌಕಗಳ ಹಾಳೆ ಇದೆ. ಒಂದು ಕಡೆ ಅನುಭವದ ವರ್ಷಗಳು, ಇನ್ನೊಂದು ಕಡೆ ಪರೀಕ್ಷೆಯಲ್ಲಿ ಎಲ್ಲಿದ್ದೀರಿ ಅನ್ನುವುದು. ಅದರ ಮೇಲೆ ಜೀವವಿಮೆಯೋ, ಜನರಲ್ಲೋ, ಹೆಲ್ತೋ, ಪೆನ್ಷನ್ನೋ ಅನ್ನುವ ಪದರ. ಅದರ ಮೇಲೆ ವಿಮಾ ಕಂಪನಿಯೋ, ಕನ್ಸಲ್ಟಿಂಗೋ, ವಿಮಾ ಕಂಪನಿಗಳಿಗೇ ವಿಮೆ ಕೊಡುವ ರೀಇನ್ಶೂರೆನ್ಸೋ. ಪ್ರತಿ ಚೌಕಕ್ಕೂ ಒಂದು ಬ್ಯಾಂಡ್, ಅಂದರೆ ಸಂಬಳದ ಕೆಳಗಿನ ಮತ್ತು ಮೇಲಿನ ಮಿತಿ, ಇರುತ್ತದೆ. ನಿಮ್ಮದು ಯಾವ ಚೌಕ ಅಂತ ಮೊದಲು ಗೊತ್ತಾಗಬೇಕು. ಆಮೇಲೆ ಅದರೊಳಗೆ ಎಲ್ಲಿ ಕೂರಬೇಕು ಅನ್ನುವ ಮಾತು.

ಎರಡು ವರ್ಷ, ನಾಲ್ಕು ಪೇಪರ್, ಜೀವವಿಮೆ, ವ್ಯಾಲ್ಯುಯೇಷನ್. ಇಷ್ಟು ಸಾಕಾಗುವುದಿಲ್ಲ. ದಿನವಿಡೀ ಏನು ಮಾಡುತ್ತೀರಿ? ಯಾರೋ ಕಟ್ಟಿದ ಮಾಡೆಲ್ ಓಡಿಸಿ ಫಲಿತಾಂಶ ಅಂಟಿಸುತ್ತೀರಾ, ಅಥವಾ ಈ ತ್ರೈಮಾಸಿಕದ ರಿಸರ್ವ್ (ಮುಂದಿನ ಕ್ಲೇಮ್‌ಗಳಿಗೆ ಎತ್ತಿಟ್ಟ ಹಣ) ಯಾಕೆ ಏರಿತು ಅಂತ ಫೈನಾನ್ಸ್‌ನವರ ಮುಂದೆ ಕೂತು ಹೇಳುತ್ತೀರಾ? ಇಬ್ಬರ ರೆಸ್ಯೂಮೆ ಮೇಲೂ ‘ಆಕ್ಚುವರಿಯಲ್ ಅನಲಿಸ್ಟ್’ ಅಂತಲೇ ಇರುತ್ತದೆ. ನಾನು ಕೊಡಲು ತಯಾರಿರುವ ಸಂಬಳ ಮಾತ್ರ ಬೇರೆ.

ಕಾಲಂನೋಟ

ಸಂಜೆಓದು, ನೆಟ್‌ನಲ್ಲಿ ಸಿಗುವ ಅಂಕಿಗಳು ಯಾಕೆ ಹೊಂದುವುದಿಲ್ಲ ಅನ್ನುವುದಕ್ಕೆ ನನ್ನ ಉತ್ತರ. ಸ್ವಲ್ಪ ಉದ್ದ ಆಗುತ್ತದೆ.

ಮೊದಲನೆಯದು ಸರ್ಕಾರಿ ಅಂಕಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋ 2023ರ ಮೇ ತಿಂಗಳಿಗೆ ಆಕ್ಚುವರಿಗಳ ಮೀಡಿಯನ್ ವೇತನ (ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವಿನವರದು) ವರ್ಷಕ್ಕೆ 1,20,000 ಡಾಲರ್ ಅಂತ ಕೊಟ್ಟಿತ್ತು. ನೆಟ್‌ನಲ್ಲಿ ಎಲ್ಲರೂ ಎತ್ತಿ ಹಾಕುವುದು ಇಂಥದ್ದನ್ನೇ. ಇದರಲ್ಲಿ ನಿನ್ನೆ ಸೇರಿದವರೂ ಇದ್ದಾರೆ, ಎಲ್ಲ ಪರೀಕ್ಷೆ ಮುಗಿಸಿ ಇಪ್ಪತ್ತು ವರ್ಷ ಕಳೆದ ಫೆಲೋಗಳೂ ಇದ್ದಾರೆ. ವರ್ಷದ ಕೊನೆಯ ಬೋನಸ್ ಸೇರಿಲ್ಲ. ಎರಡು ವರ್ಷದ ಅನುಭವ ಇರುವವರಿಗೆ ಇದು ಹೇಳುವುದು ಏನೂ ಇಲ್ಲ. ಅದೇ ಬ್ಯೂರೋ 10, 25, 75, 90ನೇ ಪರ್ಸೆಂಟೈಲ್ ಕೂಡ ಕೊಡುತ್ತದೆ. ನೋಡುವುದಾದರೆ ಅದನ್ನು ನೋಡಿ. ಮೇಲೆ ಹೇಳಿದ ಚೌಕದ ಪ್ರಕಾರ ಮಾತ್ರ ಅಲ್ಲೂ ಬಿಡಿಸಿರುವುದಿಲ್ಲ.

ಎರಡನೆಯದು ರಿಕ್ರೂಟರ್‌ಗಳು ಹಾಕುವ ಸರ್ವೆ. ಇವು ಅನುಭವ, ಪರೀಕ್ಷೆ ಅಂತ ಬಿಡಿಸಿ ಕೊಡುವುದರಿಂದ ಕೆಲಸಕ್ಕೆ ಬರುತ್ತವೆ. ಆದರೆ ಅವರ ಕೈಯಲ್ಲಿರುವ ಮಾಹಿತಿ ಯಾರದು? ಕೆಲಸ ಬದಲಿಸಿದವರದು, ಬದಲಿಸಲು ಹೊರಟವರದು. ಒಂದೇ ಕಡೆ ಹತ್ತು ವರ್ಷ ಕೂತವರು ಅವರಿಗೆ ಫೋನ್ ಮಾಡುವುದೇ ಇಲ್ಲ. ಮೇಲಾಗಿ ಕಮಿಷನ್ ಸಂಬಳದ ಮೇಲೆ ಬರುವಾಗ ಅಂಕಿ ಸ್ವಲ್ಪ ಮೇಲಕ್ಕಿದ್ದರೆ ಅವರಿಗೇನೂ ಬೇಜಾರಿಲ್ಲ.

ಮೂರನೆಯದು ಸ್ನೇಹಿತರು. ಹನ್ನೆರಡು ಜನ ನಿಜ ಹೇಳಿದರು ಅಂತಲೇ ಇಟ್ಟುಕೊಳ್ಳಿ. ಕ್ರೆಡಿಬಿಲಿಟಿ (ಕೈಯಲ್ಲಿರುವ ಡೇಟಾಗೆ ಎಷ್ಟು ತೂಕ ಕೊಡಬೇಕು ಅನ್ನುವ ಲೆಕ್ಕ) ಓದಿದವರಿಗೆ 1,082 ನೆನಪಿರುತ್ತದೆ. 90% ಸಂಭವದಲ್ಲಿ ಅಂದಾಜು ನಿಜಕ್ಕೆ 5% ಒಳಗೆ ಇರಬೇಕಾದರೆ ಬೇಕಾಗುವ ಕ್ಲೇಮ್ ಸಂಖ್ಯೆ. 12ನ್ನು 1,082ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.105. ಅಂದರೆ ಸ್ನೇಹಿತರ ಮಾತಿಗೆ ಹತ್ತರಲ್ಲಿ ಒಂದು ಪಾಲು ತೂಕ, ಉಳಿದ ಒಂಬತ್ತು ಪಾಲು ಬೇರೆ ಕಡೆಯಿಂದ ಬರಬೇಕು. ಸಂಬಳ ಪಾಯ್ಸಾನ್ (ಕ್ಲೇಮ್ ಎಣಿಕೆಗೆ ಬಳಸುವ ಹಂಚಿಕೆ) ಅಲ್ಲ, ಗೊತ್ತು, ಅದಕ್ಕೆ ಯಾರೂ ಜಗಳಕ್ಕೆ ಬರಬೇಡಿ. ಇಬ್ಬರು ಹೇಳಿದ ಅಂಕಿ ಹಿಡಿದು ಮ್ಯಾನೇಜರ್ ಹತ್ತಿರ ಹೋಗುವವರಿಗೆ ಹೇಳಿದ ಮಾತು ಇದು.

ಕಾಲಂನೋಟ

ಮೇಲಿನದರಲ್ಲಿ ಒಂದು ಬಿಟ್ಟುಹೋಯಿತು. ‘ನಾಲ್ಕು ಪೇಪರ್’ ಅಂದರೆ ಯಾವ ಸಂಸ್ಥೆಯದು? ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಅಂಡ್ ಫ್ಯಾಕಲ್ಟಿ ಆಫ್ ಆಕ್ಚುವರೀಸ್ ದಾರಿಯಲ್ಲಿ ಫೆಲೋ ಆಗಲು 13 ಪೇಪರ್ ಲೆಕ್ಕ ಬರುತ್ತದೆ: ಸಿಎಂ (ಗಣಿತ), ಸಿಎಸ್ (ಸಂಖ್ಯಾಶಾಸ್ತ್ರ) ಎರಡೆರಡು, ಸಿಬಿ (ಬಿಸಿನೆಸ್) ಮೂರು, ಸಿಪಿ (ಪ್ರಾಕ್ಟೀಸ್) ಮೂರು, ಆರಿಸಿಕೊಂಡ ವಿಶೇಷ ವಿಷಯದ ಎಸ್‌ಪಿ ಎರಡು, ಎಸ್‌ಎ ಒಂದು. ಅಮೆರಿಕದ ಸೊಸೈಟಿ ಆಫ್ ಆಕ್ಚುವರೀಸ್ ದಾರಿ ಬೇರೆ, ಪಿ (ಸಂಭವನೀಯತೆ) ಮತ್ತು ಎಫ್‌ಎಂ (ಹಣಕಾಸಿನ ಗಣಿತ) ಪೇಪರ್‌ಗಳಿಂದ ಶುರು, ನಡುವೆ ಪರೀಕ್ಷೆ ಅಲ್ಲದ ಮಾಡ್ಯೂಲ್‌ಗಳು. ಕ್ಯಾಶುವಾಲ್ಟಿ ಆಕ್ಚುವರಿಯಲ್ ಸೊಸೈಟಿಯದು ಮತ್ತೊಂದು. ಹಾಗಾಗಿ ಒಂದು ದೇಶದ ಸರ್ವೆಯಲ್ಲಿ ‘ನಾಲ್ಕು ಎಕ್ಸಾಂ’ ಅನ್ನುವ ಕಾಲಂ ನೋಡಿ ನಿಮ್ಮ ನಾಲ್ಕು ಪೇಪರನ್ನು ಅಲ್ಲಿ ಕೂರಿಸಬೇಡಿ. ಸಿಬಿ ಪೇಪರ್ ಮೂರು ಸೇರಿಸಿ ನಾಲ್ಕಾಗಿದ್ದರೆ ಒಂದು ಬೆಲೆ. ಸಿಎಂ, ಸಿಎಸ್ ನಾಲ್ಕೂ ಮುಗಿದಿದ್ದರೆ ಇನ್ನೊಂದು ಬೆಲೆ. ಎಣಿಸುವವರು ಎರಡನ್ನೂ ನಾಲ್ಕು ಅಂತಲೇ ಎಣಿಸುತ್ತಾರೆ.

ಸಂಜೆಓದು

ಇಬ್ಬರಿಗೂ ಥ್ಯಾಂಕ್ಸ್. ನನ್ನದು ಸಿಎಂ1, ಸಿಎಸ್1, ಸಿಎಸ್2, ಸಿಬಿ1. ಬರೆದು ಕಾಯುತ್ತಿರುವುದು ಸಿಎಂ2. ಕೆಲಸದ ಮಟ್ಟಿಗೆ ಮೊದಲ ವರ್ಷ ಮಾಡೆಲ್ ಓಡಿಸುವುದೇ ಆಗಿತ್ತು. ಈಗ ಲಾಭದ ವಿಶ್ಲೇಷಣೆಯ ಒಂದು ಭಾಗ ಪೂರ್ತಿ ನನ್ನದೇ, ಟಿಪ್ಪಣಿ ಕೂಡ ನಾನೇ ಬರೆಯುತ್ತೇನೆ.

ನಿಜ ಹೇಳಬೇಕಂದರೆ ಈಗಾಗಲೇ ಎರಡು ಕಡೆ ಮಾತು ಸ್ವಲ್ಪ ಮುಂದೆ ಹೋಗಿದೆ. ಅಂಕಿ ಹಾಕದೆ ಹೇಳುತ್ತೇನೆ, ಒಂದನೆಯದರ ಮೂಲ ಸಂಬಳ 100 ಅಂತ ಇಟ್ಟುಕೊಳ್ಳಿ.

ಎ: ಮೂಲ 100. ಪ್ರತಿ ಪೇಪರ್ ಪಾಸಾದಾಗ ಮೂಲ ಸಂಬಳಕ್ಕೆ 4 ಸೇರುತ್ತದೆ. ಪ್ರತಿ ಸಿಟ್ಟಿಂಗ್‌ಗೆ (ಒಂದು ಸಲದ ಪರೀಕ್ಷೆಗೆ) 100 ಗಂಟೆ ಸಂಬಳಸಹಿತ ಓದುವ ರಜೆ. ಪರೀಕ್ಷಾ ಶುಲ್ಕ, ಪುಸ್ತಕ ಅವರದೇ.

ಬಿ: ಮೂಲ 109. ಪೇಪರಿಗೆ ಏರಿಕೆ ಇಲ್ಲ. ಪಾಸಾದರೆ ಶುಲ್ಕ ವಾಪಸ್. ಓದುವ ರಜೆ ‘ತಂಡದ ಅಗತ್ಯ ನೋಡಿಕೊಂಡು’.

ಮನೆಯವರೆಲ್ಲ ಬಿ ಅನ್ನುತ್ತಿದ್ದಾರೆ.

ದಶಾಂಶ3

ಬಿ. 9% ಸುಮ್ನೆ ಕೈಗೆ ಬರುತ್ತದೆ. ಪೇಪರ್ ಪಾಸಾಗುತ್ತದೋ ಇಲ್ಲವೋ ಯಾರಿಗೆ ಗೊತ್ತು?

ಮಾರ್ಜಿನ್‌ಅಮ್ಮ

ಯಾರಿಗೂ ಗೊತ್ತಿಲ್ಲ, ಅದಕ್ಕೇ ಲೆಕ್ಕ ಹಾಕೋಣ. ನಮ್ಮ ಹೊಟ್ಟೆಪಾಡೇ ಅದಲ್ವಾ?

ವಾರ್ಷಿಕ ಏರಿಕೆ ಎರಡು ಕಡೆಯೂ ಒಂದೇ ಅಂತ ಬಿಟ್ಟುಬಿಡಿ. ವರ್ಷಕ್ಕೆ ಎರಡು ಸಿಟ್ಟಿಂಗ್, ಒಂದು ಸಲಕ್ಕೆ ಒಂದೇ ಪೇಪರ್, ಪಾಸಾಗುವ ಸಂಭವ ಅರ್ಧ. ಸರಾಸರಿ ವರ್ಷಕ್ಕೊಂದು ಪೇಪರ್. ಎ ಕಡೆ ಮೂಲ ಸಂಬಳ 100, 104, 108, 112, 116, 120 ಅಂತ ಹೋಗುತ್ತದೆ. ಬಿ ಕಡೆ 109ರಲ್ಲೇ ನಿಂತಿರುತ್ತದೆ. ನಾಲ್ಕನೇ ವರ್ಷ ವಾರ್ಷಿಕ ಸಂಬಳದಲ್ಲಿ ಎ ದಾಟುತ್ತದೆ. ಒಟ್ಟು ಕೈಗೆ ಬಂದದ್ದು ನೋಡಿದರೆ ಐದನೇ ವರ್ಷದ ಕೊನೆಗೆ ಎ 540, ಬಿ 545. ಆರನೇ ವರ್ಷಕ್ಕೆ ಎ 660, ಬಿ 654. ಬಡ್ಡಿ ಹಿಡಿದರೆ ಇನ್ನೂ ಸ್ವಲ್ಪ ತಡ. ಇಷ್ಟೇ ಆಗಿದ್ದರೆ ದಶಾಂಶ ಹೇಳಿದ್ದು ಸರಿ. ಆರು ವರ್ಷ ಯಾರು ಒಂದೇ ಕಡೆ ಇರುತ್ತಾರೆ?

ಆದರೆ ರಜೆ ಬಿಟ್ಟುಹೋಯಿತು. ಎರಡು ಸಿಟ್ಟಿಂಗ್‌ಗೆ 200 ಗಂಟೆ. ವರ್ಷಕ್ಕೆ ಕೆಲಸದ ಗಂಟೆ ಸುಮಾರು 2,000 ಅಂತ ಹಿಡಿದರೆ ಅದು 10%. ಎ ನಿಮ್ಮಿಂದ ತೆಗೆದುಕೊಳ್ಳುವುದು 1,800 ಗಂಟೆಯ ಕೆಲಸ, ಕೊಡುವುದು 100. ನೂರು ಗಂಟೆಗೆ 5.56. ಬಿ ಕಡೆ 2,000 ಗಂಟೆಗೆ 109, ಅಂದರೆ 5.45. ಮೊದಲ ದಿನದಿಂದಲೇ ಎ ಮುಂದೆ, ಇನ್ನೂ ಒಂದೂ ಪೇಪರ್ ಪಾಸಾಗದೇ ಇದ್ದರೂ.

ಮತ್ತೆ ಆ 100 ಗಂಟೆ ಐಷಾರಾಮ ಅಲ್ಲ. ಪರೀಕ್ಷೆಯ ಒಂದು ಗಂಟೆಗೆ ಓದು ನೂರು ಗಂಟೆ ಅಂತ ನಮ್ಮಲ್ಲಿ ಹಳೆಯ ಮಾತೊಂದಿದೆ. ಮೂರು ಗಂಟೆಯ ಪೇಪರಿಗೆ ಮುನ್ನೂರು. ಎ ಕೊಡುವ ನೂರು ಹೋದರೂ ಇನ್ನೂರು ಗಂಟೆ ನಿಮ್ಮ ಸಂಜೆ, ಭಾನುವಾರಗಳಿಂದಲೇ ಬರಬೇಕು. ಬಿ ಕಡೆ ಹೋದರೆ ಮುನ್ನೂರೂ ಅಲ್ಲಿಂದಲೇ. ಪಾಸಾಗುವ ಸಂಭವ ಎರಡೂ ಕಡೆ ಅರ್ಧ ಅಂತ ನಾನು ಹಿಡಿದದ್ದು ಬಿಗೆ ತೋರಿಸಿದ ದಾಕ್ಷಿಣ್ಯ.

ಲ್ಯಾಪ್ಸ್‌ಆದವ

ಲೆಕ್ಕ ಚೆನ್ನಾಗಿದೆ. ಆದರೆ ಕಾಗದದ ಮೇಲಿರುವ ರಜೆ ಬೇರೆ, ಸಿಗುವ ರಜೆ ಬೇರೆ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ನೀತಿ ಪುಸ್ತಕದಲ್ಲಿ ಓದುವ ರಜೆ ಧಾರಾಳವಾಗಿತ್ತು. ತ್ರೈಮಾಸಿಕದ ಲೆಕ್ಕ ಮುಗಿಸುವ ದಿನಗಳೂ ಪರೀಕ್ಷೆಯ ದಿನಗಳೂ ಒಟ್ಟಿಗೆ ಬರುತ್ತಿದ್ದವು. ಪ್ರತಿ ಸಲವೂ ‘ಈ ಸಲ ಒಂದು ಅಡ್ಜಸ್ಟ್ ಮಾಡಿಕೊಳ್ಳಿ’. ರಜೆ ಬಳಸದೇ ಇದ್ದರೆ ಮುಂದಿನ ಸಿಟ್ಟಿಂಗ್‌ಗೆ ಹೋಗುವುದಿಲ್ಲ, ಲ್ಯಾಪ್ಸ್. ನನ್ನ ಹೆಸರು ಅಲ್ಲಿಂದಲೇ ಬಂದದ್ದು.

ಹಾಗಾಗಿ ಎ ಕಂಪನಿಯಲ್ಲಿ ಈಗ ಇರುವ ಇಬ್ಬರು ವಿದ್ಯಾರ್ಥಿಗಳನ್ನು ಕೇಳಿ: ಹೋದ ಸಿಟ್ಟಿಂಗ್‌ಗೆ ಎಷ್ಟು ಗಂಟೆ ನಿಜವಾಗಿ ಸಿಕ್ಕಿತು? ಎಚ್‌ಆರ್‌ ಅನ್ನು ಕೇಳಿದರೆ ನೀತಿ ಪುಸ್ತಕವನ್ನೇ ಓದಿ ಹೇಳುತ್ತಾರೆ.

ಕೆಲಸ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಷರತ್ತು ಇದೆಯಾ ನೋಡಿ. ಶುಲ್ಕ ಮಾತ್ರ ವಾಪಸ್ ಅಂದರೆ ಪರವಾಗಿಲ್ಲ. ಓದುವ ರಜೆಯ ಸಂಬಳವನ್ನೂ ವಾಪಸ್ ಕೇಳುವ ಒಪ್ಪಂದಗಳಿವೆ. ಅಂಥ ಕಡೆ ಮಾರ್ಜಿನ್‌ಅಮ್ಮನ 10% ಸಂಬಳ ಅಲ್ಲ, ಸಾಲ. ಎಷ್ಟು ತಿಂಗಳಿಗೆ ಆ ಸಾಲ ತೀರುತ್ತದೆ ಅಂತ ಬರವಣಿಗೆಯಲ್ಲಿ ಇರಬೇಕು.

ಮಾರ್ಜಿನ್‌ಅಮ್ಮ

ಒಪ್ಪಿದೆ. ರಜೆಯಲ್ಲಿ ಎಷ್ಟು ಕೈಗೆ ಸಿಗುತ್ತದೆ ಅನ್ನುವುದಕ್ಕೂ ಒಂದು ಅಸಂಪ್ಷನ್ ಹಾಕಬೇಕು. ನನ್ನ ಲೆಕ್ಕದಲ್ಲಿ ರಜೆಯ ಬಹುಪಾಲು ನಿಜವಾಗಿ ಸಿಕ್ಕರೆ ಮಾತ್ರ ಎ ಮುಂದೆ. ವರ್ಷದ 200ರಲ್ಲಿ 165 ಗಂಟೆ ಆಸುಪಾಸಿಗೆ ಎರಡೂ ಸಮ. ಅದಕ್ಕಿಂತ ಕಡಿಮೆ ಸಿಕ್ಕರೆ ಮೊದಲ ವರ್ಷ ಬಿ ಗೆಲ್ಲುತ್ತದೆ, ಆಮೇಲೆ ಪೇಪರ್ ಪಾಸಾಗುತ್ತಾ ಹೋದ ಹಾಗೆ ಎ ಹತ್ತಿರ ಬರುತ್ತದೆ.

ಟ್ರಯಾಂಗಲ್

ಜನರಲ್ ಇನ್ಶೂರೆನ್ಸ್ ಕಡೆಯಿಂದ ಒಂದು ಮಾತು. ನೀವೆಲ್ಲ ಸಂಬಳ ಅಂದಕೂಡಲೇ ಜೀವವಿಮೆ ಅಂತಲೇ ಶುರು ಮಾಡುತ್ತೀರಿ. ಪ್ರೀಮಿಯಂ ಲೆಕ್ಕ ಹಾಕುವ ಪ್ರೈಸಿಂಗ್‌ನಲ್ಲಿ ಇರುವ ನಮ್ಮ ಕಡೆ ಪರೀಕ್ಷೆಯ ಜೊತೆಗೆ ಆರ್, ಪೈಥಾನ್ ಪ್ರೋಗ್ರಾಮಿಂಗ್, ಜಿಎಲ್‌ಎಂ (ಒಂದು ಬಗೆಯ ಸಂಖ್ಯಾಶಾಸ್ತ್ರದ ಮಾಡೆಲ್) ಕೆಲಸ ಗೊತ್ತಿದ್ದರೆ ಬ್ಯಾಂಡ್‌ನ ಮೇಲಿನ ಅರ್ಧದಲ್ಲಿ ಕೂರಿಸುತ್ತಾರೆ. ಎಷ್ಟೋ ಸಲ ಒಂದು ಪೇಪರ್ ಕಡಿಮೆ ಇದ್ದರೂ ಸರಿ. ಡೇಟಾ ಸೈನ್ಸ್‌ನವರ ಜೊತೆ ಪೈಪೋಟಿ ಇರುವುದರಿಂದ ಹಾಗೆ.

ಪೆನ್ಷನ್ ಕಡೆ ಕಥೆ ಬೇರೆ. ಪೆನ್ಷನ್ ಎಷ್ಟು ಅಂತ ಮೊದಲೇ ಮಾತು ಕೊಡುವ ಹೊಸ ಡಿಫೈನ್ಡ್ ಬೆನಿಫಿಟ್ ಸ್ಕೀಮ್‌ಗಳು ಎಷ್ಟೋ ದೇಶಗಳಲ್ಲಿ ನಿಂತೇ ಹೋಗಿವೆ. ಇರುವುದನ್ನು ನಡೆಸಬೇಕು, ಇಲ್ಲವೇ ವಿಮಾ ಕಂಪನಿಗೆ ವರ್ಗಾಯಿಸಬೇಕು. ವರ್ಗಾಯಿಸುವ ಕೆಲಸ ಗೊತ್ತಿರುವವರಿಗೆ ಒಳ್ಳೆಯ ಬೇಡಿಕೆ ಇದೆ. ಹಳೆಯ ರೀತಿಯ ವ್ಯಾಲ್ಯುಯೇಷನ್ ಮಾತ್ರ ಗೊತ್ತಿರುವವರಿಗೆ ಅಷ್ಟಿಲ್ಲ.

ದಿನಗೂಲಿ17

ಕಾಂಟ್ರಾಕ್ಟ್ ಕೆಲಸದ ದರ ನೋಡಿ ಆಸೆ ಪಡುವವರಿಗೆ ನನ್ನ ಕಡೆಯಿಂದ. ವಿಮಾ ಒಪ್ಪಂದಗಳ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಐಎಫ್‌ಆರ್‌ಎಸ್ 17 ಹೊರಬಂದದ್ದು 2017ರ ಮೇನಲ್ಲಿ. ಮೊದಲು 2021ಕ್ಕೆ ಅಂದರು, ಮುಂದೂಡಿ 2023ರ ಜನವರಿ 1ಕ್ಕೆ ತಂದರು. ಆ ನಡುವಿನ ವರ್ಷಗಳಲ್ಲಿ ಅದರಲ್ಲಿ ಬರುವ ಸಿಎಸ್‌ಎಂ (ಒಪ್ಪಂದದಿಂದ ಮುಂದೆ ಗಳಿಸಬೇಕಾದ ಲಾಭ) ಲೆಕ್ಕ ಗೊತ್ತು ಅಂದರೆ ಸಾಕು, ದಿನಕ್ಕಿಷ್ಟು ಅಂತ ಒಳ್ಳೆಯ ದರ ಕೊಟ್ಟು ಕರೆಯುತ್ತಿದ್ದರು. ಗಡುವು ಮುಗಿಯಿತು, ಪ್ರಾಜೆಕ್ಟ್‌ಗಳೂ ಮುಗಿದವು. ಅದು ನಿಯಮ ತಂದ ಬೇಡಿಕೆ, ವೃತ್ತಿಯ ಮಾಮೂಲಿ ಸಂಬಳ ಅಲ್ಲ. 2016ರಲ್ಲಿ ಯುರೋಪಿನಲ್ಲಿ ವಿಮಾ ಕಂಪನಿಗಳ ಬಂಡವಾಳದ ನಿಯಮ ಸಾಲ್ವೆನ್ಸಿ 2 ಬಂದಾಗಲೂ ಇದೇ ಥರ ಆಗಿತ್ತು.

ದಿನದ ದರವನ್ನು 365ರಿಂದ ಮಾತ್ರ ಅಲ್ಲ, 250ರಿಂದಲೂ ಗುಣಿಸಬೇಡಿ. ಎರಡು ಕೆಲಸದ ನಡುವೆ ಸುಮ್ನೆ ಕೂತ ದಿನ, ಕಾಯಿಲೆ ಬಿದ್ದ ದಿನ, ರಜೆ, ಪೆನ್ಷನ್ ಪಾಲು, ಪರೀಕ್ಷಾ ಶುಲ್ಕ ಎಲ್ಲ ನಿಮ್ಮ ಜೇಬಿನಿಂದ. ಕಲಿಯುವ ವಯಸ್ಸಿನಲ್ಲಿ ಈ ಕಡೆ ಬರಬೇಡಿ ಅಂತಲೇ ಹೇಳುತ್ತೇನೆ. ಯಾರೂ ನಿಮಗೆ ಹೇಳಿಕೊಡುವುದಿಲ್ಲ, ಗೊತ್ತಿದ್ದದ್ದನ್ನು ಹಿಂಡಿಕೊಂಡು ಕಳಿಸುತ್ತಾರೆ.

ಫೆಲೋಆಮೇಲೆ

ಎಲ್ಲರೂ ಮುಂದಿನ ಎರಡು ಮೂರು ವರ್ಷದ ಬಗ್ಗೆಯೇ ಮಾತಾಡುತ್ತಿದ್ದಾರೆ. ನಾನು ಆಚೆ ದಡದಿಂದ ಬರೆಯುತ್ತೇನೆ.

ಪರೀಕ್ಷೆ ಬರೆಯುವ ವರ್ಷಗಳಲ್ಲಿ ನಮ್ಮ ವೃತ್ತಿಯಲ್ಲಿ ಒಂದು ವಿಚಿತ್ರ ಸುಖ ಇದೆ. ಸಂಬಳ ಯಾವಾಗ ಏರುತ್ತದೆ ಅಂತ ಮೊದಲೇ ಗೊತ್ತು. ಪಾಸಾದರೆ ಏರುತ್ತದೆ. ಮ್ಯಾನೇಜರ್ ಮುಖ ನೋಡಬೇಕಿಲ್ಲ, ಚೌಕಾಸಿ ಮಾಡಬೇಕಿಲ್ಲ. ನಡುವಿನ ಹಂತವಾದ ಅಸೋಸಿಯೇಟ್ ಆದಾಗ ಒಂದು ನೆಗೆತ, ಫೆಲೋ ಆದಾಗ ದೊಡ್ಡ ನೆಗೆತ. ಅಲ್ಲಿಗೆ ಮೆಟ್ಟಿಲು ಮುಗಿಯಿತು.

ಆಮೇಲೆ ಏನು? ಹತ್ತು ವರ್ಷ ಯಾರ ಹತ್ತಿರವೂ ಸಂಬಳ ಕೇಳದೆ ಬಂದವರು ಕೇಳುವುದನ್ನೇ ಕಲಿತಿರುವುದಿಲ್ಲ. ಫೆಲೋ ಆದ ಮರುವರ್ಷ ಮಾಮೂಲಿ ಏರಿಕೆ ಬಂದಾಗ ಕಂಪನಿ ಮೋಸ ಮಾಡಿತು ಅನ್ನಿಸುತ್ತದೆ. ಕಂಪನಿ ಏನೂ ಬದಲಿಸಿಲ್ಲ. ಫೆಲೋಗಳ ನಡುವೆ ಸಂಬಳದ ಅಂತರ ವಿದ್ಯಾರ್ಥಿಗಳ ನಡುವಿನದಕ್ಕಿಂತ ತುಂಬ ದೊಡ್ಡದು, ಯಾಕೆಂದರೆ ಅಲ್ಲಿ ಅಳತೆಗೋಲು ಪೇಪರ್ ಅಲ್ಲ. ಜನರನ್ನು ನಡೆಸುತ್ತೀರಾ? ಬಿಸಿನೆಸ್ ತರುತ್ತೀರಾ? ರೆಗ್ಯುಲೇಟರ್ ಮುಂದೆ ಹೋಗುವ ವರದಿಗೆ ಸಹಿ ಹಾಕುವ ಜವಾಬ್ದಾರಿ ಹೊರುತ್ತೀರಾ? ಅಪಾಯಿಂಟೆಡ್ ಆಕ್ಚುವರಿಗೆ ಸಿಗುವ ಸಂಬಳದಲ್ಲಿ ಒಂದು ಭಾಗ ಆ ಸಹಿಗೇ. ಹೆಚ್ಚು ಕಡಿಮೆ ಆದರೆ ಉತ್ತರ ಕೊಡಬೇಕಾದವರು ಅವರು. ಅಂಥ ಹುದ್ದೆ ಪ್ರತಿ ಕಂಪನಿಗೆ ಒಂದೇ.

ಸಂಜೆಓದು ಅವರಿಗೆ ಇದರಿಂದ ಏನು ಉಪಯೋಗ ಅಂದರೆ, ಎ ಮತ್ತು ಬಿ ನಡುವೆ ಆರಿಸುವಾಗ ಒಂಬತ್ತರ ಅಂತರ ಮಾತ್ರ ನೋಡಬೇಡಿ. ಲಾಭದ ವಿಶ್ಲೇಷಣೆ ಬರೆಯುತ್ತಿದ್ದೇನೆ ಅಂದಿರಿ. ಎರಡರಲ್ಲಿ ಎಲ್ಲಿ ಆ ಕೆಲಸ ಮುಂದುವರಿಯುತ್ತದೆ, ಎಲ್ಲಿ ಮತ್ತೆ ಮಾಡೆಲ್ ಓಡಿಸಲು ಕೂರಿಸುತ್ತಾರೆ? ನಾಲ್ಕು ವರ್ಷದ ಮೇಲೆ ನಿಮ್ಮ ಚೌಕ ಯಾವುದು ಅನ್ನುವುದು ಅದರ ಮೇಲೆ ಹೋಗುತ್ತದೆ.

ದಶಾಂಶ3

ಹಾಗಾದರೆ ನೇರವಾಗಿ ಕೇಳುತ್ತೇನೆ. ಇಷ್ಟೆಲ್ಲ ಓದಿ, ಹತ್ತು ವರ್ಷ ಸಂಜೆ ಕಳೆದುಕೊಂಡು, ಕೊನೆಗೂ ಚೌಕಾಸಿ ಮಾಡಲೇಬೇಕು ಅಂದರೆ ಸಾಫ್ಟ್‌ವೇರ್ ಕಡೆಗೆ ಹೋಗುವುದೇ ಮೇಲಲ್ವಾ? ಅಲ್ಲಿ ಪರೀಕ್ಷೆಯೂ ಇಲ್ಲ, ಸಂಬಳವೂ ಜಾಸ್ತಿ.

ಟ್ರಯಾಂಗಲ್

ಅಲ್ಲಿಯ ಮೇಲಿನ ತುದಿಯವರನ್ನು ನಮ್ಮ ನಡುವಿನವರ ಜೊತೆ ಹೋಲಿಸುತ್ತಿದ್ದೀರಿ. ಮೀಡಿಯನ್‌ಗೆ ಮೀಡಿಯನ್ ಇಟ್ಟು ನೋಡಿ, ಆಮೇಲೆ ಮಾತಾಡೋಣ. ಮೇಲಿನ ತುದಿ ಅಲ್ಲಿ ಎತ್ತರ, ಒಪ್ಪುತ್ತೇನೆ. ಏರುಪೇರೂ ಅಷ್ಟೇ. ನಮ್ಮಲ್ಲಿ ಹರಡುವಿಕೆ ಕಡಿಮೆ. ಮಾರ್ಕೆಟ್ ಬಿದ್ದಾಗಲೂ ವರ್ಷದ ಕೊನೆಗೆ ರಿಸರ್ವ್ ಲೆಕ್ಕ ಹಾಕಲೇಬೇಕು, ಕಾನೂನು ಬಿಡುವುದಿಲ್ಲ. ಯಾವುದು ಬೇಕು ಅನ್ನುವುದು ನಿಮ್ಮ ಸ್ವಭಾವಕ್ಕೆ ಬಿಟ್ಟದ್ದು.

ಪರೀಕ್ಷೆಗೆ ಹೆದರಿ ಹೋಗುವುದಾದರೆ ಬೇಗ ಹೋಗಿ. ಎಂಟನೇ ಪೇಪರ್ ಮುಗಿಸಿ ಬಿಡುವವರ ಕಥೆ ಕಷ್ಟ. ಬೇರೆ ಕಡೆ ಆ ಎಂಟಕ್ಕೆ ಅರ್ಧ ಬೆಲೆಯೂ ಸಿಗುವುದಿಲ್ಲ.

ಹೊಸಬಾಗಿಲು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನಿನ್ನೂ ಡಿಗ್ರಿ ಮುಗಿಸುತ್ತಿದ್ದೇನೆ. ಕೆಲಸಕ್ಕೆ ಸೇರುವ ಮೊದಲೇ ಆರೇಳು ಪೇಪರ್ ಮುಗಿಸಿದರೆ ಆರಂಭದ ಸಂಬಳ ಅಷ್ಟು ಜಾಸ್ತಿ ಸಿಗುತ್ತದಾ?

ರಿಸರ್ವ್‌ಕಾಕ

ಇಲ್ಲ. ಎರಡು ಮೂರು ಪೇಪರ್‌ವರೆಗೆ ಬಾಗಿಲು ತೆರೆಯುತ್ತದೆ, ಸಂಬಳಕ್ಕೂ ಸ್ವಲ್ಪ ಸೇರುತ್ತದೆ. ಅದರಾಚೆ ಅನುಭವ ಇಲ್ಲದ ಏಳು ಪೇಪರ್ ನೋಡಿದರೆ ನಮಗೆ ಒಂದು ಅನುಮಾನ: ಇವರಿಗೆ ಕೊಡಬೇಕಾದ ಸಂಬಳಕ್ಕೆ ಒಂದು ವರ್ಷ ಕೆಲಸ ಮಾಡಿ ಬಂದವರು ಸಿಗುತ್ತಾರಲ್ಲ? ಎಂಟ್ರಿ ಲೆವೆಲ್ ಹುದ್ದೆಯ ಬ್ಯಾಂಡ್ ನೀವು ಬಂದಿರಿ ಅಂತ ಏರುವುದಿಲ್ಲ. ಮೂರು ಪೇಪರ್, ಒಂದು ಇಂಟರ್ನ್‌ಶಿಪ್, ಎಕ್ಸೆಲ್ ಶೀಟ್ ಕೊಟ್ಟರೆ ಅದರಲ್ಲಿ ತಪ್ಪು ಹುಡುಕುವ ಚಾಳಿ. ಇದಿಷ್ಟು ಇದ್ದರೆ ಏಳು ಪೇಪರಿನವರ ಜೊತೆ ನಿಂತುಕೊಳ್ಳಬಹುದು.

ಸಂಜೆಓದು ಅವರ ಮೊದಲ ಪ್ರಶ್ನೆಗೆ ಬರುತ್ತೇನೆ, ಖಾಲಿ ಜಾಗದಲ್ಲಿ ಏನು ಬರೆಯುವುದು ಅಂತ. ಬಿಡಬಹುದಾದರೆ ಬಿಡಿ. ‘ಈ ಹುದ್ದೆಗೆ ನೀವು ಇಟ್ಟಿರುವ ಬ್ಯಾಂಡ್ ತಿಳಿದ ಮೇಲೆ ಮಾತಾಡೋಣ’ ಅಂತ ಬರೆದರೆ ಯಾರೂ ಅರ್ಜಿ ಹರಿದು ಹಾಕುವುದಿಲ್ಲ. ಅಂಕಿಯೇ ಬೇಕು ಅಂತ ಫಾರಂ ಹಠ ಹಿಡಿದರೆ ನಿಮ್ಮ ಚೌಕದ ಮಧ್ಯದಿಂದ ಸ್ವಲ್ಪ ಮೇಲೆ ಒಂದು ಅಂಕಿ ಹಾಕಿ. ರೇಂಜ್ ಕೊಟ್ಟರೆ ಅದರ ಕೆಳತುದಿಯನ್ನೇ ನಾವು ಓದುತ್ತೇವೆ. ಹಾಗಾಗಿ ಕೆಳತುದಿ ನಿಮಗೆ ನಿಜವಾಗಿ ಸಮ್ಮತ ಇರಬೇಕು.

ಜಾಹೀರಾತಿನಲ್ಲಿ ಅಥವಾ ಇಂಟರ್ವ್ಯೂಗೆ ಮೊದಲೇ ಸಂಬಳದ ರೇಂಜ್ ಹೇಳಬೇಕು ಅನ್ನುವ ನಿಯಮ ಕೆಲವು ಕಡೆ ಬಂದಿದೆ. ಅಮೆರಿಕದ ಕೊಲರಾಡೋದಲ್ಲಿ 2021ರಿಂದ ಇದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ವೇತನ ಪಾರದರ್ಶಕತೆಯ ನಿರ್ದೇಶನ ಮಾಡಿ ಸದಸ್ಯ ದೇಶಗಳಿಗೆ 2026ರ ಜೂನ್ 7ರ ಗಡುವು ಇಟ್ಟಿತು. ಹಿಂದಿನ ಸಂಬಳ ಎಷ್ಟು ಅಂತ ಅಭ್ಯರ್ಥಿಯನ್ನು ಕೇಳಬಾರದು ಅಂತಲೂ ಅದರಲ್ಲಿದೆ. ನೀವು ಎಲ್ಲೇ ಇರಿ, ಬೇರೆ ದೇಶದ ಅದೇ ಕಂಪನಿಯ ಜಾಹೀರಾತು ಓದುವುದರಿಂದ ಒಂದು ಲಾಭ ಇದೆ. ಅನಲಿಸ್ಟ್‌ಗೂ ಸೀನಿಯರ್ ಅನಲಿಸ್ಟ್‌ಗೂ ನಡುವಿನ ಅನುಪಾತ ಗೊತ್ತಾಗುತ್ತದೆ. ಅಂಕಿ ಎತ್ತಿಕೊಳ್ಳಬೇಡಿ, ಅನುಪಾತ ಎತ್ತಿಕೊಳ್ಳಿ.

ಲ್ಯಾಪ್ಸ್‌ಆದವ

ಬಾಕಿ ಇರುವ ಫಲಿತಾಂಶದ ಬಗ್ಗೆ ಯಾರೂ ಹೇಳಲಿಲ್ಲ. ಸಿಎಂ2 ಫಲಿತಾಂಶ ಬರುವ ಮೊದಲೇ ಆಫರ್‌ಗೆ ಸಹಿ ಹಾಕಿದರೆ ನಾಲ್ಕು ಪೇಪರಿನ ಸಂಬಳಕ್ಕೆ ಸಹಿ ಹಾಕಿದ ಹಾಗೆ. ಸೇರುವ ಮೊದಲು ಪಾಸಾದ ಪೇಪರಿಗೆ ಏರಿಕೆ ಇಲ್ಲ ಅನ್ನುವ ಕಂಪನಿಗಳಿವೆ. ಈಗಿನ ಕಂಪನಿಯಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ, ಒಂದು ಪೇಪರ್ ಗಾಳಿಯಲ್ಲಿ ಹೋಯಿತು. ಆಫರ್ ಪತ್ರದಲ್ಲಿ ಒಂದು ಸಾಲು ಕೇಳಿ: ‘ಸಿಎಂ2 ಪಾಸಾಗಿದ್ದರೆ ಮೂಲ ಸಂಬಳ ಸೇರಿದ ದಿನದಿಂದ ಇಷ್ಟು ಏರುತ್ತದೆ’. ಅವರಿಗೆ ಇದು ಸಣ್ಣ ವಿಷಯ, ಸಾಮಾನ್ಯವಾಗಿ ಒಪ್ಪುತ್ತಾರೆ. ಕೇಳದೆ ಇದ್ದರೆ ತಾವಾಗಿ ಹಾಕುವುದಿಲ್ಲ.

ಸಂಜೆಓದು

ಎಲ್ಲರಿಗೂ ಮತ್ತೆ ಥ್ಯಾಂಕ್ಸ್. ಎರಡೂ ಕಡೆ ಬ್ಯಾಂಡ್ ಕೇಳಿದೆ. ಬಿಯವರು ‘ಸ್ಪರ್ಧಾತ್ಮಕ’ ಅಂದರು, ಅಷ್ಟೇ. ಎಯವರು ಹೇಳಿಬಿಟ್ಟರು! ನನ್ನ 100ರ ಲೆಕ್ಕದಲ್ಲಿ ಅವರ ಬ್ಯಾಂಡ್ 88ರಿಂದ 118. ಅಂದರೆ ಅವರು ಕೊಟ್ಟದ್ದು ಮಧ್ಯಕ್ಕಿಂತ ಸ್ವಲ್ಪ ಕೆಳಗೆ. 106 ಕೇಳಿದ್ದೇನೆ. ಲಾಭದ ವಿಶ್ಲೇಷಣೆಯ ಕೆಲಸ ಕಾರಣ ಅಂತ ಹೇಳಿದೆ, ಈಗಿನ ಸಂಬಳದ ಮಾತು ಎತ್ತಲಿಲ್ಲ. ಸಿಎಂ2 ಸಾಲೂ ಕೇಳಿದೆ. ‘ನೋಡಿ ಹೇಳುತ್ತೇವೆ’ ಅಂದಿದ್ದಾರೆ. ಅಲ್ಲಿ ಓದುತ್ತಿರುವ ಒಬ್ಬರ ಹತ್ತಿರ ಮಾತಾಡಿದೆ. ಹೋದ ಸಲ ಪೂರ್ತಿ ರಜೆ ಸಿಕ್ಕಿತಂತೆ. ಆದರೆ ಎರಡನೇ ಸಲ ಅದೇ ಪೇಪರ್ ಬರೆದರೆ ರಜೆ ಅರ್ಧವಂತೆ.

ಒಂದು ಕೊನೆಯ ಪ್ರಶ್ನೆ. ಈಗಿನ ಕಂಪನಿಯ ಬೋನಸ್ ಬರಲು ಇನ್ನೂ ಎರಡು ತಿಂಗಳಿದೆ. ಅದನ್ನೂ ಲೆಕ್ಕಕ್ಕೆ ತರಬೇಕಾ?

ಮಾರ್ಜಿನ್‌ಅಮ್ಮ

ಅರ್ಧ ರಜೆ ಅಂದರೆ ಲೆಕ್ಕ ಬದಲಾಗುತ್ತದೆ. ಅರ್ಧ ಸಂಭವದಲ್ಲಿ ಫೇಲ್ ಆದರೆ ಮುಂದಿನ ಸಿಟ್ಟಿಂಗ್‌ಗೆ 50 ಗಂಟೆ. ಮೂರನೇ ಸಲವೂ ಅಷ್ಟೇ ಅಂತ ಹಿಡಿದರೆ ಸರಾಸರಿ 75, ವರ್ಷಕ್ಕೆ 150. ಸಮ ಆಗುವ 165ಕ್ಕಿಂತ ಕೆಳಗೆ ಬಂತು. ಆದರೆ 106 ಕೊಟ್ಟರೆ 1,850 ಗಂಟೆಗೆ 106, ನೂರು ಗಂಟೆಗೆ 5.73. ಬಿಗಿಂತ ಆರಾಮಾಗಿ ಮುಂದೆ. 100ಕ್ಕೇ ಅಂಟಿಕೊಂಡರೆ ಮಾತ್ರ ಇನ್ನೊಮ್ಮೆ ಯೋಚಿಸಿ.

ದಿನಗೂಲಿ17

ಬೋನಸ್ ತರಲೇಬೇಕು. ಮೊದಲು ಈಗಿನ ಕಂಪನಿಯ ನಿಯಮ ಓದಿ. ರಾಜೀನಾಮೆ ಕೊಟ್ಟವರಿಗೆ ಇಲ್ಲವೋ, ಅಥವಾ ಕೊಡುವ ದಿನ ಕೆಲಸದಲ್ಲಿ ಇಲ್ಲದವರಿಗೆ ಮಾತ್ರ ಇಲ್ಲವೋ? ಎರಡೂ ಬೇರೆ. ಎರಡನೆಯದಾದರೆ ನೋಟಿಸ್ ಅವಧಿಯಲ್ಲೇ ಬೋನಸ್ ಕೈಗೆ ಬರಬಹುದು. ಮೊದಲನೆಯದಾದರೆ ಸೇರುವ ದಿನ ಮುಂದೆ ಹಾಕಿ ಅಂತ ಕೇಳಿ. ಆಗದಿದ್ದರೆ ಆ ಮೊತ್ತವನ್ನು ಜಾಯಿನಿಂಗ್ ಬೋನಸ್ ಆಗಿ ಕೇಳಿ. ಮೂಲ ಸಂಬಳದಲ್ಲಿ ಸೇರಿಸಿ ಅಂತ ಅದನ್ನು 106ರ ಜೊತೆ ಬೆರೆಸಬೇಡಿ. ಒಂದು ಸಲದ ದುಡ್ಡಿಗೆ ಎಚ್‌ಆರ್‌ ಬೇರೆ ಬಜೆಟ್‌ನಿಂದ ಹೂಂ ಅನ್ನುತ್ತಾರೆ. ಜಾಯಿನಿಂಗ್ ಬೋನಸ್‌ಗೂ ವಾಪಸ್ ಕೊಡುವ ಷರತ್ತು ಇರುತ್ತದೆ, ಸಾಮಾನ್ಯವಾಗಿ ಒಂದು ವರ್ಷ. ಆ ಸಾಲನ್ನೂ ಓದಿಯೇ ಸಹಿ ಹಾಕಿ.